ಬೆಕ್ಕಿನ ಚೆಲ್ಲಾಟ, ಇಲಿಯ ಪ್ರಾಣಸಂಕಟ

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಅಧಿಕಾರಿಗಳ ವಿಷಯದಲ್ಲಿ, ಸಾಲಗಾರರ ವಿಷಯದಲ್ಲಿ, ಒಮ್ಮೊಮ್ಮೆ ಅತ್ತೆ ಸೊಸೆಯರ ವಿಷಯದಲ್ಲಿಯೂ ನಾವು ಇದನ್ನು ಬಳಸುತ್ತೇವೆ. ಆದರೆ ಶಾಲೆಯ ಅಂಗಳಕ್ಕೆ ಇದನ್ನು ಅನ್ವಯಿಸಿ ನೋಡುವುದು ಅಪರೂಪ. ಅಲ್ಲಿ ನಡೆಯುವುದೆಲ್ಲ ಮಕ್ಕಳಾಟ, ಅದರಲ್ಲಿ ಪ್ರಾಣಸಂಕಟದ ಮಾತೇನು ಬಂತು ಎಂಬುದು ಹಿರಿಯರಾದ ನಮ್ಮ ಸಾಮಾನ್ಯವಾದ ನಿಲುವು. ಒಂದು ಮಗು ಮತ್ತೊಂದನ್ನು ದಿನದಿನವೂ ಕಾಡುವುದನ್ನು ಮನುಷ್ಯ ಸಮಾಜ ಎಂದಿನಿಂದ ಗಂಭೀರವಾಗಿ ಕಂಡಿತು, ಆ ಕಾಟಕ್ಕೂ ಮಗುವಿನ ಓದು ಬರೆಹಕ್ಕೂ ಇರುವ ನಂಟು ಯಾವಾಗ ಬೆಳಕಿಗೆ ಬಂತು ಎಂಬ ಚರಿತ್ರೆಯನ್ನು ಇಂದು ಸ್ಥೂಲವಾಗಿ ಹೇಳಬೇಕೆಂದಿದ್ದೇನೆ. ಕಾಟದ ಇತಿಹಾಸ ಶಾಲೆಯಷ್ಟೇ ಹಳೆಯದು. ಅದನ್ನು ಕಣ್ಣಿಟ್ಟು ನೋಡಿದ ಇತಿಹಾಸ ಮಾತ್ರ ತೀರ ಈಚಿನದು.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನಲ್ಲಿ ಇದಕ್ಕೆ ಬುಲ್ಲಿಯಿಂಗ್ ಎನ್ನುತ್ತಾರೆ. ಈ ಶಬ್ದದ ಜಾತಕ ಕುತೂಹಲಕರವಾಗಿದೆ. ೧೬ನೆಯ ಶತಮಾನದಲ್ಲಿ ಬುಲ್ಲಿ ಎಂದರೆ ಪ್ರಿಯ, ಒಲವಿನ ಗೆಳೆಯ ಎಂದರ್ಥ. ಷೇಕ್ಸ್‌ಪಿಯರನ ನಾಟಕಗಳಲ್ಲಿ ಪಾತ್ರಗಳು ಸಲಿಗೆಯ ಗೆಳೆಯನನ್ನು ಈ ಮಾತಿನಿಂದಲೇ ಕರೆಯುತ್ತವೆ. ೧೭ನೆಯ ಶತಮಾನ ಮುಗಿಯುವ ಹೊತ್ತಿಗೆ ಅದೇ ಶಬ್ದ ಬಲಹೀನರನ್ನು ಹೆದರಿಸಿ ಹಿಂಸಿಸುವವನು ಎಂಬ ಅರ್ಥಕ್ಕೆ ಇಳಿದಿತ್ತು. ಸಲಿಗೆಯ ಮಾತು ಹಿಂಸೆಯ ಮಾತಾದ ಈ ಪರಿಯಲ್ಲಿಯೇ ನಮ್ಮ ವಿಷಯದ ತೊಡಕೊಂದು ಅಡಗಿದೆ. ಕಾಡುವವನು ಯಾವಾಗಲೂ ನಾನು ಸಲಿಗೆಯಿಂದ ಮಾಡಿದೆ ಎಂದೇ ಹೇಳುತ್ತಾನಷ್ಟೆ.

ಕನ್ನಡದಲ್ಲಿ ಇದಕ್ಕೆ ಒಂದು ಹೆಸರಿಲ್ಲ, ಹಲವು ಕ್ರಿಯೆಗಳಿವೆ. ಕೆಣಕು, ಛೇಡಿಸು, ಅಣಕಿಸು, ಮೂದಲಿಸು, ಹೀಯಾಳಿಸು, ಹಂಗಿಸು, ಲೇವಡಿ ಮಾಡು ಎಂದು ಪಟ್ಟಿ ಬೆಳೆಸಬಹುದು. ಇವು ಬಹುಮಟ್ಟಿಗೆ ಒಂದೊಂದು ಸಲದ ಕೃತ್ಯವನ್ನು ಸೂಚಿಸುತ್ತವೆ. ಒಂದು ನುಡಿಗಟ್ಟು ಮಾತ್ರ ಬೇರೆ ತೆರನಾದುದು: ಗೋಳುಹೊಯ್ದುಕೊಳ್ಳುವುದು. ಗೋಳು ಅನುಭವಿಸುವವನದು, ಆದರೆ ಕೊಳ್ಳು ಎಂಬ ಸಹಾಯಕ ಕ್ರಿಯಾಪದ ಅದರ ಫಲವನ್ನು ಮಾಡಿದವನ ಕಡೆಗೆ ತಿರುಗಿಸುತ್ತದೆ. ಅಡಿಗೆ ಮಾಡಿಕೊಂಡ, ದುಡ್ಡು ಇಟ್ಟುಕೊಂಡ ಎನ್ನುವಾಗ ಇರುವ ಸ್ವಾರ್ಥದ ಅರ್ಥವೇ ಇಲ್ಲಿಯೂ ಇದೆ. ಇನ್ನೊಬ್ಬನ ಗೋಳನ್ನು ತನ್ನ ಸುಖಕ್ಕಾಗಿ ಮತ್ತೆ ಮತ್ತೆ ಬಳಸುವುದು ಎಂಬ ಭಾವವನ್ನು ಒಂದೇ ಮಾತಿನಲ್ಲಿ ನಮ್ಮ ಜನ ಹಿಡಿದಿಟ್ಟಿದ್ದಾರೆ. ಗಾದೆಯಲ್ಲಿ ಬಲಾಬಲದ ಅಂತರವಿದೆ. ನುಡಿಗಟ್ಟಿನಲ್ಲಿ ಪುನರಾವೃತ್ತಿಯೂ ಉದ್ದೇಶವೂ ಇವೆ. ಮುಂದೆ ವಿದ್ವಾಂಸರು ಮಾಡಿದ ವ್ಯಾಖ್ಯೆಯ ಮೂರು ಅಂಗಗಳೂ ಇವೇ ಎಂಬುದನ್ನು ಸ್ವಲ್ಪದರಲ್ಲಿಯೇ ಕಾಣುವಿರಿ. ಈ ಭಾಷಣದ ಮಟ್ಟಿಗೆ ನಾನು ಪೀಡನೆ ಎಂಬ ಶಬ್ದವನ್ನು ಇಟ್ಟುಕೊಳ್ಳುತ್ತೇನೆ.

ನಮ್ಮ ಪ್ರಾಚೀನರು ಇದನ್ನು ಕಾಣದವರಲ್ಲ. ಮಹಾಭಾರತದ ಆದಿಪರ್ವವನ್ನು ನೆನೆಯಬಹುದು. ಬಾಲಕನಾದ ಭೀಮಸೇನ ಕೌರವರ ತಲೆಗೂದಲು ಹಿಡಿದು ನೆಲದ ಮೇಲೆ ಎಳೆಯುತ್ತಾನೆ. ನೀರಾಟದಲ್ಲಿ ಹತ್ತು ಮಂದಿಯನ್ನು ತೋಳಲ್ಲಿ ಅಮುಕಿ ನೀರಿನೊಳಗೆ ಮುಳುಗಿಸಿ, ಉಸಿರು ಕಟ್ಟಿದಾಗ ಬಿಡುತ್ತಾನೆ. ಹಣ್ಣು ಕೀಳಲು ಮರ ಹತ್ತಿದವರನ್ನು ಮರವನ್ನೇ ಒದ್ದು ಅಲುಗಿಸಿ ಹಣ್ಣುಗಳೊಡನೆ ಉದುರಿಸುತ್ತಾನೆ. ಇದೆಲ್ಲ ಬಾಲ್ಯದಿಂದಲೇ ಹೊರತು ದ್ರೋಹಬುದ್ಧಿಯಿಂದಲ್ಲ ಎಂದು ವ್ಯಾಸರು ಭೀಮನ ಪರವಾಗಿ ಹೇಳುತ್ತಾರೆ. ಆದರೆ ಕಥೆಯನ್ನು ಅಲ್ಲಿಗೆ ನಿಲ್ಲಿಸುವುದಿಲ್ಲ. ದುರ್ಯೋಧನನ ಮನಸ್ಸಿನಲ್ಲಿ ಹಗೆ ಮೊಳೆಯುವುದು, ಅವನು ಭೀಮನಿಗೆ ವಿಷವಿಕ್ಕುವುದು ಇದರ ಬೆನ್ನಿಗೇ ಬರುತ್ತದೆ. ಕಾಡಿದವನು ಆಟವೆಂದುಕೊಂಡದ್ದು ಕಾಡಿಸಿಕೊಂಡವನ ಎದೆಯಲ್ಲಿ ಆಟವಾಗಿ ಉಳಿಯಲಿಲ್ಲ. ಕುರುಕ್ಷೇತ್ರಕ್ಕೆ ಕಾರಣಗಳು ಹಲವು. ಆ ಕಾರಣಗಳ ಸಾಲಿನಲ್ಲಿ ಆಟದ ಬಯಲಿಗೂ ಕವಿ ಒಂದು ಎಡೆ ಕೊಟ್ಟಿದ್ದಾನೆ.

ಇನ್ನು ಶಾಲೆಯ ಮಾತು. ನಮ್ಮ ಕೂಲಿಮಠಗಳಲ್ಲಿ, ದಕ್ಷಿಣ ದೇಶದ ಜಗುಲಿ ಶಾಲೆಗಳಲ್ಲಿ ೧೯ನೆಯ ಶತಮಾನದಲ್ಲಿ ಒಂದು ಪದ್ಧತಿ ಇತ್ತು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಗೆ ಅಯ್ಯಗಳು ಶ್ರೀ ಎಂದು ಮುಟ್ಟಿಸುತ್ತಿದ್ದರು, ಎರಡನೆಯವನಿಗೆ ಚುಕ್ಕೆ, ಮೂರನೆಯವನಿಗೆ ಬೆತ್ತದ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಕೊನೆಯವನ ಪಾಡು ಊಹೆಗೆ ಬಿಟ್ಟದ್ದು. ಇದಲ್ಲದೆ ತೊಲೆಗೆ ಹಗ್ಗ ಬಿಗಿದು ಹುಡುಗನನ್ನು ತೂಗಹಾಕುವ ಕೋದಂಡ, ಬಿಸಿಲಲ್ಲಿ ಕಲ್ಲು ಹೊರಿಸಿ ನಿಲ್ಲಿಸುವುದು, ಕಿವಿ ಹಿಡಿಸಿ ಬಸ್ಕಿ ಹೊಡೆಸುವುದು ಎಲ್ಲವೂ ಇದ್ದವು. ಹಳೆಯ ಹಿರಿಯರು ಇದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದುದುಂಟು. ಕಾಗುಣಿತ, ಮಗ್ಗಿ, ಅಮರಕೋಶ ಆ ಏಟುಗಳ ನಡುವೆಯೇ ಬಾಯಿಗೆ ಬಂದವು ಎಂಬುದೂ ಸುಳ್ಳಲ್ಲ. ಆದರೆ ಬಾಯಿಗೆ ಬಂದವರು ಮಾತ್ರ ಮುಂದೆ ಆತ್ಮಕಥೆ ಬರೆದರು. ಮಠ ಬಿಟ್ಟು ಓಡಿ ದನ ಕಾಯಲು ಹೋದವರು ಬರೆಯಲಿಲ್ಲ. ಭಯದಿಂದ ವಿದ್ಯೆ ಬಂತು ಎಂಬ ಸಾಕ್ಷ್ಯವೆಲ್ಲ ಗೆದ್ದವರದು ಎಂಬುದನ್ನು ನಾವು ಮರೆಯಬಾರದು.

ಈ ಜಗುಲಿ ಶಾಲೆಗಳ ಇನ್ನೊಂದು ಪದ್ಧತಿ ಲೋಕವನ್ನೇ ಸುತ್ತಿತು. ೧೭೮೯ರಲ್ಲಿ ಮದರಾಸಿನ ಸೈನಿಕ ಅನಾಥಾಲಯದ ಶಾಲೆಗೆ ಮೇಲ್ವಿಚಾರಕನಾಗಿ ಬಂದ ಆಂಡ್ರ್ಯೂ ಬೆಲ್ ಎಂಬ ಸ್ಕಾಟಿಷ್ ಪಾದ್ರಿ, ಸ್ಥಳೀಯ ಶಾಲೆಯಲ್ಲಿ ಮಕ್ಕಳು ಮಳಲಿನಲ್ಲಿ ಅಕ್ಷರ ತಿದ್ದುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದ. ಬಲ್ಲ ಹುಡುಗ ಅರಿಯದ ಹುಡುಗನಿಗೆ ಕಲಿಸುವ ಕ್ರಮವನ್ನು ರೂಪಿಸಿ ೧೭೯೭ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ಜೋಸೆಫ್ ಲ್ಯಾಂಕಾಸ್ಟರ್ ಎಂಬಾತ ಅಲ್ಲಿಯೇ ಇಂಥದೇ ಶಾಲೆಗಳನ್ನು ನಡೆಸಿದ. ಈತ ಬೆತ್ತವನ್ನು ಒಲ್ಲೆನೆಂದ; ಬದಲಿಗೆ ಅವಮಾನವನ್ನು ಆರಿಸಿಕೊಂಡ. ತಪ್ಪು ಮಾಡಿದವನ ಕೊರಳಿಗೆ ಮರದ ಕೊರಡು ಕಟ್ಟುವುದು, ಬುಟ್ಟಿಯಲ್ಲಿ ಕೂರಿಸಿ ಸೂರಿಗೆ ತೂಗುಹಾಕಿ ಉಳಿದ ಮಕ್ಕಳಿಂದ ನಗಿಸುವುದು ಅವನ ಉಪಾಯಗಳು. ಮೈಗೆ ಏಟಿಲ್ಲವೆಂದು ಇದನ್ನು ಸುಧಾರಣೆಯೆಂದೇ ಬಗೆದರು. ಒಬ್ಬನನ್ನು ಕಂಡು ನೂರು ಜನ ನಗುವುದನ್ನು ಶಾಲೆಯೇ ಪಾಠವಾಗಿ ಕಲಿಸಿದ ನಿದರ್ಶನವಿದು.

ಸಹಪಾಠಿಗಳ ಪೀಡನೆಯನ್ನು ಸಾಹಿತ್ಯಕ್ಕೆ ತಂದ ಕೃತಿಗಳಲ್ಲಿ ಹೆಸರಾದದ್ದು ಥಾಮಸ್ ಹ್ಯೂಸ್ ೧೮೫೭ರಲ್ಲಿ ಪ್ರಕಟಿಸಿದ ಟಾಮ್ ಬ್ರೌನನ ಶಾಲಾದಿನಗಳ ಕಾದಂಬರಿ. ಹ್ಯೂಸ್ ಸ್ವತಃ ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಓದಿದವನು. ೧೮೨೮ರಿಂದ ೧೮೪೧ರವರೆಗೆ ಅಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಥಾಮಸ್ ಆರ್ನಾಲ್ಡರ ಶಿಷ್ಯ. ಚಿಕ್ಕ ಹುಡುಗರು ದೊಡ್ಡವರ ಊಳಿಗ ಮಾಡುವುದು ಅಲ್ಲಿ ಅಂಗೀಕೃತವಾದ ವ್ಯವಸ್ಥೆ. ಆ ವ್ಯವಸ್ಥೆಯ ಮರೆಯಲ್ಲಿ ಫ್ಲಾಷ್‌ಮನ್ ಎಂಬ ದಾಂಡಿಗ ಟಾಮ್‌ನನ್ನು ಉರಿಯುವ ಬೆಂಕಿಯ ಮುಂದೆ ಹಿಡಿದು ಸುಡುವ ಪ್ರಸಂಗ ಓದುಗರ ಎದೆ ನಡುಗಿಸುವಂಥದು. ಕಾದಂಬರಿಯ ಒಂದು ವಿವರ ನನಗೆ ಬಹು ಮುಖ್ಯವಾಗಿ ಕಾಣುತ್ತದೆ. ಫ್ಲಾಷ್‌ಮನ್ ಕೊನೆಗೆ ಶಾಲೆಯಿಂದ ಹೊರಬೀಳುತ್ತಾನೆ. ಆದರೆ ಹುಡುಗನನ್ನು ಸುಟ್ಟದ್ದಕ್ಕಲ್ಲ, ಕುಡಿದು ಸಿಕ್ಕಿಬಿದ್ದದ್ದಕ್ಕೆ. ಕುಡಿತ ಶಾಲೆಯ ಕಣ್ಣಿಗೆ ಅಪರಾಧ. ಪೀಡನೆ ಹುಡುಗರು ತಮ್ಮೊಳಗೇ ಬಗೆಹರಿಸಿಕೊಳ್ಳಬೇಕಾದ ಸಂಗತಿ. ಸುಟ್ಟ ಗಾಯದ ಹುಡುಗನೂ ದೂರು ಹೇಳುವುದಿಲ್ಲ; ಹೇಳದಿರುವುದೇ ಅಲ್ಲಿ ಪೌರುಷ.

ನಮ್ಮ ದೇಶದಲ್ಲಿ ಇದಕ್ಕೆ ಜಾತಿಯ ಮುಖವೂ ಉಂಟು. ಡಾ. ಅಂಬೇಡ್ಕರರು ಸಾತಾರೆಯ ಶಾಲೆಯಲ್ಲಿ ಓದುವಾಗ ಕೂರಲು ಗೋಣಿತಟ್ಟನ್ನು ಮನೆಯಿಂದ ತರಬೇಕಾಗಿತ್ತು. ಜವಾನ ನಲ್ಲಿ ತಿರುಗಿಸಿದರೆ ನೀರು, ಅವನು ಬಾರದ ದಿನ ಬಾಯಾರಿಕೆ. ಇದನ್ನು ಅವರೇ ಬರೆದಿದ್ದಾರೆ. ಮುಂದೆ ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಗಣಿತ ಬಿಡಿಸಲು ಅಧ್ಯಾಪಕರು ಅವರನ್ನು ಹಲಗೆಯ ಬಳಿಗೆ ಕರೆದಾಗ, ಹಲಗೆಯ ಹಿಂದೆ ಬುತ್ತಿ ಇಟ್ಟಿದ್ದ ಹುಡುಗರು ಅದು ಮೈಲಿಗೆಯಾದೀತೆಂದು ಗದ್ದಲವೆಬ್ಬಿಸಿ ನುಗ್ಗಿ ಬುತ್ತಿಗಳನ್ನು ಸರಿಸಿದರೆಂದು ಅವರ ಜೀವನಚರಿತ್ರೆಕಾರರು ಹೇಳುತ್ತಾರೆ. ಹಲಗೆಯವರೆಗಿನ ಆ ನಾಲ್ಕು ಹೆಜ್ಜೆಗಳನ್ನು ಯೋಚಿಸಿರಿ. ಲೆಕ್ಕ ಬಲ್ಲವನಿಗೂ ಆ ನಾಲ್ಕು ಹೆಜ್ಜೆ ಎಷ್ಟು ದೂರ! ಅವರು ನಡೆದರು, ಲೆಕ್ಕ ಬಿಡಿಸಿದರು. ಎಲ್ಲ ಮಕ್ಕಳಿಂದಲೂ ಅಂಬೇಡ್ಕರರ ಕೆಚ್ಚನ್ನು ನಿರೀಕ್ಷಿಸುವ ಶಾಲೆ ನ್ಯಾಯವಾದ ಶಾಲೆಯಲ್ಲ.

ವಿದ್ವಾಂಸರ ಗಮನ ಇತ್ತ ಹರಿದದ್ದು ಬಹಳ ತಡವಾಗಿ. ೧೮೯೭ರಲ್ಲಿ ಅಮೆರಿಕದ ಫ್ರೆಡರಿಕ್ ಬರ್ಕ್ ಎಂಬ ಶಿಕ್ಷಣತಜ್ಞ ಛೇಡಿಸುವಿಕೆ ಮತ್ತು ಪೀಡನೆಯನ್ನು ಕುರಿತು ಒಂದು ದೀರ್ಘ ಲೇಖನ ಬರೆದ. ಅದರ ಬೆನ್ನಿಗೆ ಸುಮಾರು ಎಪ್ಪತ್ತು ವರುಷ ಹೇಳಿಕೊಳ್ಳುವಂಥ ಅಧ್ಯಯನ ನಡೆಯಲಿಲ್ಲ. ಮತ್ತೆ ಮಾತು ಮೊದಲಾದದ್ದು ಸ್ವೀಡನ್ನಿನಲ್ಲಿ, ಅದೂ ಹಕ್ಕಿಗಳ ಮೂಲಕ. ಪ್ರಾಣಿಗಳ ನಡವಳಿಯನ್ನು ಅಭ್ಯಸಿಸಿದ ಕೊನ್ರಾಡ್ ಲೊರೆಂಟ್ಸ್ ೧೯೬೩ರಲ್ಲಿ ಆಕ್ರಮಣಶೀಲತೆಯನ್ನು ಕುರಿತು ಒಂದು ಗ್ರಂಥ ಬರೆದಿದ್ದರು. ಸಣ್ಣ ಹಕ್ಕಿಗಳೆಲ್ಲ ಒಂದಾಗಿ ಗೂಬೆಯಂಥ ಹಗೆಯ ಮೇಲೆ ಬೀಳುವುದರ ವರ್ಣನೆ ಅದರಲ್ಲಿದೆ. ನಮ್ಮಲ್ಲಿ ಕಾಗೆಗಳು ಹಗಲಿನಲ್ಲಿ ಸಿಕ್ಕ ಗೂಬೆಯನ್ನು ಕುಕ್ಕುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೀಟರ್ ಪಾಲ್ ಹೈನೆಮನ್ ಎಂಬ ವೈದ್ಯರು ಆ ಶಬ್ದವನ್ನು ಮಕ್ಕಳಿಗೆ ಅನ್ವಯಿಸಿ ೧೯೬೯ರಲ್ಲಿ ಬರೆದರು. ೧೯೭೨ರಲ್ಲಿ ಪುಸ್ತಕವನ್ನೂ ಪ್ರಕಟಿಸಿದರು. ಹೆಸರಿಲ್ಲದ ನೋವಿಗೆ ಹೆಸರು ಸಿಕ್ಕಿತು. ಹೆಸರು ಸಿಕ್ಕಿದೊಡನೆ ಜನ ಅದನ್ನು ತಮ್ಮ ಊರಿನ ಶಾಲೆಗಳಲ್ಲಿ ಕಾಣತೊಡಗಿದರು.

ಆದರೆ ಡ್ಯಾನ್ ಓಲ್‌ವೆಯಸ್ ಎಂಬ ಸ್ವೀಡನ್ನಿನ ಮನೋವಿಜ್ಞಾನಿಗೆ ಆ ಹೆಸರು ಪೂರ್ತಿ ಒಪ್ಪಿಗೆಯಾಗಲಿಲ್ಲ. ಅವರು ಶಾಲೆಯ ಹುಡುಗರನ್ನು ಅಭ್ಯಸಿಸಿ ೧೯೭೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದು ಕಾಗೆಗಳ ಹಿಂಡಿನ ಕೆಲಸದಂಥದಲ್ಲ ಎಂದರು. ಬಹುತೇಕ ಒಬ್ಬನೋ ಇಬ್ಬರು ಮೂವರೋ ಮುಂದಾಳುಗಳು, ಗುರಿಯಾದವನು ಒಬ್ಬ, ಉಳಿದವರು ನೋಡುವವರು. ಹಿಂಡು ಎಂದುಬಿಟ್ಟರೆ ಮುಂದಾಳಿನ ಹೊಣೆ ಕರಗಿಹೋಗುತ್ತದೆ. ಅವರು ಕ್ರಮೇಣ ರೂಪಿಸಿದ ವ್ಯಾಖ್ಯೆಗೆ ಮೂರು ಅಂಗ: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಬಲಾಬಲದ ಅಂತರ. ನಮ್ಮ ಗಾದೆಯೂ ನುಡಿಗಟ್ಟೂ ಸೇರಿ ಹೇಳಿದ್ದು ಇದನ್ನೇ ಅಲ್ಲವೆ? ಓಲ್‌ವೆಯಸ್ ಮುಂದೆ ನಾರ್ವೆಯ ಬರ್ಗೆನ್ ನಗರದಲ್ಲಿ ನೆಲೆಸಿದರು. ೧೯೮೨ರ ಕೊನೆಯಲ್ಲಿ ಉತ್ತರ ನಾರ್ವೆಯ ಹತ್ತರಿಂದ ಹದಿನಾಲ್ಕು ವಯಸ್ಸಿನೊಳಗಿನ ಮೂವರು ಹುಡುಗರು ಪ್ರಾಣ ಕಳೆದುಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂತು. ಸಹಪಾಠಿಗಳ ಕಾಟವೇ ಬಹುಶಃ ಕಾರಣವೆಂದು ತಿಳಿಯಿತು. ದೇಶ ತಲ್ಲಣಿಸಿತು. ೧೯೮೩ರ ಶರತ್ಕಾಲದಲ್ಲಿ ನಾರ್ವೆಯ ಶಿಕ್ಷಣ ಮಂತ್ರಾಲಯ ಒಂದರಿಂದ ಒಂಬತ್ತನೆಯ ತರಗತಿಯವರೆಗೆ ರಾಷ್ಟ್ರವ್ಯಾಪಿ ಅಭಿಯಾನವನ್ನು ಆರಂಭಿಸಿತು.

ಆಗ ೭೧೫ ಶಾಲೆಗಳ ೧,೩೦,೦೦೦ ಮಕ್ಕಳಿಗೆ ಹೆಸರು ಬರೆಯದೆ ಉತ್ತರಿಸುವ ಪ್ರಶ್ನಾವಳಿ ಕೊಡಲಾಯಿತು. ಸುಮಾರು ನೂರಕ್ಕೆ ೧೫ ಮಕ್ಕಳು ಪೀಡಿಸುವವರಾಗಿಯೋ ಪೀಡಿತರಾಗಿಯೋ ಇದರಲ್ಲಿ ಸಿಕ್ಕಿಕೊಂಡಿದ್ದರು. ಜನಜನಿತವಾದ ಹಲವು ನಂಬಿಕೆಗಳು ಈ ಲೆಕ್ಕದ ಮುಂದೆ ನಿಲ್ಲಲಿಲ್ಲ. ದೊಡ್ಡ ಊರಿನಲ್ಲಿ ಕಾಟ ಹೆಚ್ಚು ಎಂಬುದು ನಿಜವಾಗಲಿಲ್ಲ. ದೊಡ್ಡ ತರಗತಿಯೇ ಕಾರಣ ಎಂಬುದೂ ನಿಜವಾಗಲಿಲ್ಲ. ಶಾಲೆಯ ದಾರಿಯಲ್ಲಿ ಅಪಾಯ ಎಂದು ತಂದೆತಾಯಿಗಳು ಅಂಜುತ್ತಿದ್ದರು. ಹೆಚ್ಚು ಕಾಟ ನಡೆದದ್ದು ಶಾಲೆಯ ಆವರಣದೊಳಗೇ. ಕನ್ನಡಕ, ಕೆಂಗೂದಲು, ದಪ್ಪ ಮೈ ಇವೇ ಕಾರಣವೆಂಬ ಮಾತಿಗೂ ಬಲವಾದ ಆಧಾರ ದೊರೆಯಲಿಲ್ಲ. ಅವು ಕಾಡುವವನಿಗೆ ಸಿಕ್ಕ ನೆಪಗಳು. ಬಿಡುವಿನ ಹೊತ್ತಿನಲ್ಲಿ ಅಂಗಳದಲ್ಲಿ ಅಧ್ಯಾಪಕರು ಹೆಚ್ಚು ಮಂದಿ ಇದ್ದ ಶಾಲೆಗಳಲ್ಲಿ ಕಾಟ ಕಡಿಮೆ ಇತ್ತು. ಪೀಡಿಸುವವನ ಮುಂದಿನ ಬಾಳೂ ಹಸನಾಗಿರಲಿಲ್ಲ. ಆರರಿಂದ ಒಂಬತ್ತನೆಯ ತರಗತಿಯಲ್ಲಿ ಪೀಡಕರೆನಿಸಿದ್ದ ಹುಡುಗರಲ್ಲಿ ನೂರಕ್ಕೆ ೬೦ ಮಂದಿ ೨೪ನೆಯ ವಯಸ್ಸಿನೊಳಗೆ ಒಮ್ಮೆಯಾದರೂ ನ್ಯಾಯಾಲಯದಲ್ಲಿ ಶಿಕ್ಷೆಗೆ ಗುರಿಯಾಗಿದ್ದರು. ಬೆಕ್ಕಿನ ಚೆಲ್ಲಾಟ ಬೆಕ್ಕಿಗೂ ಒಳಿತು ಮಾಡಲಿಲ್ಲ.

ಬರ್ಗೆನ್ನಿನ ೪೨ ಶಾಲೆಗಳ ಸುಮಾರು ೨,೫೦೦ ಮಕ್ಕಳನ್ನು ಓಲ್‌ವೆಯಸ್ ಎರಡೂವರೆ ವರುಷ ಹಿಂಬಾಲಿಸಿದರು. ತರಗತಿಯಲ್ಲಿ ಮಕ್ಕಳೊಡನೆ ಕೂಡಿ ನಿಯಮ ಮಾಡುವುದು, ವಾರವಾರವೂ ಆ ವಿಷಯ ಮಾತಾಡುವುದು, ಅಂಗಳದ ಮೇಲ್ವಿಚಾರಣೆ, ತಂದೆತಾಯಿಗಳೊಡನೆ ಮಾತುಕತೆ, ಇಷ್ಟೇ ಉಪಾಯ. ಕಾಟ ಅರ್ಧದಷ್ಟಕ್ಕೆ ಇಳಿಯಿತು. ಜೊತೆಗೇ ಇನ್ನೊಂದು ಫಲ ಕಂಡಿತು. ತರಗತಿಯ ಶಿಸ್ತು ಸುಧಾರಿಸಿತು. ಪಾಠದ ಬಗೆಗೂ ಶಾಲೆಯ ಬಗೆಗೂ ಮಕ್ಕಳ ಭಾವನೆ ತಿಳಿಯಾಯಿತು. ಅದೇ ನಾರ್ವೆಯ ರೋಗಲಾಂಡ್ ಪ್ರಾಂತದಲ್ಲಿ ಎರ್ಲಿಂಗ್ ರೋಲಂಡ್ ಎಂಬ ವಿದ್ವಾಂಸರು ಮೂರು ವರುಷದ ಮೇಲೆ ನೋಡಿದಾಗ ಅಂಥ ಇಳಿತ ಕಾಣಲಿಲ್ಲ. ಅಭಿಯಾನದಲ್ಲಿ ಮನಸಾರೆ ತೊಡಗಿದ ಶಾಲೆಗಳ ಸ್ಥಿತಿ ಉತ್ತಮವಾಗಿತ್ತು. ಕಾಗದ ಪತ್ರಗಳನ್ನು ತರಿಸಿ ಬೀರುವಿನಲ್ಲಿಟ್ಟ ಶಾಲೆಗಳಿಗೆ ಅವುಗಳಿಂದ ಪ್ರಯೋಜನವಾಗಲಿಲ್ಲ. ಸುತ್ತೋಲೆಗಳ ನಾಡಾದ ನಮಗೆ ಈ ಎರಡನೆಯ ಪಾಠ ಮೊದಲನೆಯದಕ್ಕಿಂತ ಹತ್ತಿರದ್ದು.

ಹಾಗಾದರೆ ಪೀಡನೆಯಿಂದ ಕಲಿಕೆಯಲ್ಲಿ ಕೆಡುವುದೇನು? ಬುದ್ಧಿ ಕೆಡುವುದಿಲ್ಲ, ಕೆಡುವುದು ರೂಢಿ. ಕಲಿಕೆಯೆಂಬುದು ಸಣ್ಣ ಸಣ್ಣ ರೂಢಿಗಳ ಕಟ್ಟು: ಕೈ ಎತ್ತುವುದು, ತಿಳಿಯದ್ದನ್ನು ಕೇಳುವುದು, ಗಟ್ಟಿಯಾಗಿ ಓದುವುದು, ತಪ್ಪಾದರೂ ಹಲಗೆಯ ಮೇಲೆ ಬರೆಯುವುದು, ಗೆಳೆಯನ ಟಿಪ್ಪಣಿ ಕೇಳಿ ಪಡೆಯುವುದು, ದಿನವೂ ತಪ್ಪದೆ ಬರುವುದು. ಇವೆಲ್ಲವೂ ನಾಲ್ವರ ಎದುರಿನ ಕೆಲಸಗಳು. ನಾಲ್ವರ ನಗೆಗೆ ಅಂಜಿದ ಮಗು ಮೊದಲು ಬಿಡುವುದು ಇವನ್ನೇ. ಕನ್ನಡ ಪಾಠ ಹೇಳಿದವರಿಗೆಲ್ಲ ಗೊತ್ತಿರುವ ನಿದರ್ಶನವೊಂದಿದೆ. ಹಾಲನ್ನು ಆಲು ಎನ್ನುವ, ಶಂಕರನನ್ನು ಸಂಕರ ಎನ್ನುವ ಮನೆಮಾತಿನಿಂದ ಬಂದ ಹುಡುಗ ಒಂದು ಸಲ ಗಟ್ಟಿಯಾಗಿ ಓದಿ, ಹಿಂದಿನ ಸಾಲು ಗೊಳ್ಳೆಂದು ನಕ್ಕು, ಆಲು ಎಂಬುದೇ ಅವನ ಅಡ್ಡಹೆಸರಾಗಿಬಿಟ್ಟರೆ, ಆಮೇಲೆ ಅವನು ಓದಲು ಎದ್ದು ನಿಲ್ಲುವುದಿಲ್ಲ. ನನ್ನ ತರಗತಿಗಳಲ್ಲಿ ಉತ್ತರಪತ್ರಿಕೆಯಲ್ಲಿ ಪಂಪನನ್ನು ಸೊಗಸಾಗಿ ವಿವರಿಸಿ, ವರುಷವಿಡೀ ಬಾಯಿ ತೆರೆಯದೆ ಕುಳಿತ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ವಿಚಾರಿಸಿದರೆ ಮೌನದ ಬೇರು ಪ್ರೌಢಶಾಲೆಯಲ್ಲಿಯೋ ಅದಕ್ಕೂ ಹಿಂದೆಯೋ ಸಿಗುತ್ತಿತ್ತು. ಕನ್ನಡವನ್ನು ಕಲಿಸುವ ತರಗತಿಯೇ ಅವರ ಕನ್ನಡವನ್ನು ಕಟ್ಟಿಹಾಕಿತ್ತು.

ಓದಿನಲ್ಲಿ ಹಿಂದಿರುವ ಮಗುವನ್ನು ಇತರರು ಕಾಡುತ್ತಾರೋ, ಕಾಟದಿಂದ ಮಗು ಓದಿನಲ್ಲಿ ಹಿಂದೆ ಬೀಳುತ್ತದೆಯೋ ಎಂಬ ಪ್ರಶ್ನೆ ನ್ಯಾಯವಾದದ್ದು. ಅಮೆರಿಕದ ಗ್ಯಾರಿ ಲ್ಯಾಡ್ ಮತ್ತು ಬೆಕಿ ಕೊಚೆಂಡರ್ಫರ್ ಶಿಶುವಿಹಾರದ ಮಕ್ಕಳನ್ನು ನೋಡಿ, ಮೊದಲು ಕಾಟ, ಅನಂತರ ಒಂಟಿತನ ಮತ್ತು ಶಾಲೆಯನ್ನು ತಪ್ಪಿಸುವ ಬಯಕೆ ಎಂಬ ಕ್ರಮವನ್ನು ೧೯೯೬ರಲ್ಲಿ ತೋರಿಸಿದರು. ಲ್ಯಾಡ್ ಮತ್ತು ಸಂಗಡಿಗರು ೩೮೩ ಮಕ್ಕಳನ್ನು ಶಿಶುವಿಹಾರದಿಂದ ಹನ್ನೆರಡನೆಯ ತರಗತಿಯವರೆಗೂ ಹಿಂಬಾಲಿಸಿ ೨೦೧೭ರಲ್ಲಿ ಫಲಿತಾಂಶ ಕೊಟ್ಟರು. ನೂರಕ್ಕೆ ೨೪ ಮಕ್ಕಳು ಉದ್ದಕ್ಕೂ ಕಾಟ ತಿಂದವರು. ಅವರ ಓದಿನ ಸಾಧನೆ ಕಡಿಮೆ, ಶಾಲೆಯ ಮೇಲೆ ಬೇಸರ ಹೆಚ್ಚು, ತಮ್ಮ ಶಕ್ತಿಯ ಮೇಲೆ ನಂಬಿಕೆ ಕಡಿಮೆ. ಆದರೆ ಮೊದಲು ಕಾಟಕ್ಕೆ ಸಿಕ್ಕು ಬರಬರುತ್ತ ಅದರಿಂದ ಬಿಡುಗಡೆ ಹೊಂದಿದ ನೂರಕ್ಕೆ ೨೬ ಮಂದಿ, ಕಾಟವನ್ನೇ ಹೆಚ್ಚಾಗಿ ಕಾಣದ ಮಕ್ಕಳಿಗೆ ಸಮೀಪವಾಗಿ ಚೇತರಿಸಿಕೊಂಡಿದ್ದರು. ಇಡೀ ಚರಿತ್ರೆಯಲ್ಲಿ ನನಗೆ ಹೆಚ್ಚು ಧೈರ್ಯ ಕೊಟ್ಟ ಸಂಗತಿ ಇದು. ಇನ್ನು ೨೦೧೮ರ ಪೀಸಾ ಸಮೀಕ್ಷೆಯಲ್ಲಿ ಮುಂದುವರಿದ ದೇಶಗಳ ಹದಿನೈದರ ಪ್ರಾಯದ ಮಕ್ಕಳಲ್ಲಿ ನೂರಕ್ಕೆ ೨೩ ಮಂದಿ ತಿಂಗಳಿಗೆ ಕೆಲವು ಸಲವಾದರೂ ಪೀಡನೆಗೆ ಗುರಿಯಾಗುವುದಾಗಿ ಹೇಳಿದರು. ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂಥವರು ಓದಿನ ಪರೀಕ್ಷೆಯಲ್ಲಿ ೨೧ ಅಂಕ ಹಿಂದಿದ್ದರು. ಕಾಟಕ್ಕೆ ಸಿಕ್ಕ ಮಕ್ಕಳು ಶಾಲೆ ತಪ್ಪಿಸುವ ಸಂಭವ ಇಮ್ಮಡಿಗೂ ಮಿಗಿಲೆಂದು ಯುನೆಸ್ಕೋ ೨೦೧೯ರಲ್ಲಿ ತಿಳಿಸಿತು.

ಕಾಡುವವನು, ಕಾಡಿಸಿಕೊಂಡವನು ಇಬ್ಬರೇ ಇದರ ಪಾತ್ರಧಾರಿಗಳಲ್ಲ. ೧೯೮೬ರಲ್ಲಿ ಜಪಾನಿನ ಟೋಕಿಯೋ ನಗರದ ೧೩ ವಯಸ್ಸಿನ ವಿದ್ಯಾರ್ಥಿಯೊಬ್ಬ ಪ್ರಾಣ ಬಿಟ್ಟ. ಅದಕ್ಕೂ ಮೊದಲು ಅವನ ತರಗತಿಯವರು ಅವನು ಸತ್ತನೆಂದು ಅಣಕದ ಶವಸಂಸ್ಕಾರ ನಡೆಸಿ, ಸಂತಾಪದ ಕಾಗದಕ್ಕೆ ಸಹಿ ಹಾಕಿದ್ದರು. ಆ ಕಾಗದದ ಮೇಲೆ ನಾಲ್ವರು ಅಧ್ಯಾಪಕರ ಸಹಿಯೂ ಇತ್ತು. ಅವರು ಕ್ರೂರಿಗಳಾಗಿರಬೇಕಾಗಿಲ್ಲ, ಮಕ್ಕಳ ತಮಾಷೆ ಎಂದುಕೊಂಡರೆ ಸಾಕು, ಸಹಿ ತಾನಾಗಿ ಬೀಳುತ್ತದೆ. ಜಪಾನಿನಲ್ಲಿ ಇದಕ್ಕೆಂದೇ ಪ್ರತ್ಯೇಕವಾದ ಕಾನೂನು ಬಂದದ್ದು ೨೦೧೩ರಲ್ಲಿ. ಫಿನ್ಲೆಂಡಿನ ಕ್ರಿಸ್ಟೀನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು ೧೯೯೬ರಲ್ಲಿ ನೋಡುವವರ ಪಾತ್ರವನ್ನೇ ಬಿಡಿಸಿ ತೋರಿಸಿದರು: ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ನಿಲ್ಲುವವರು, ಅಡ್ಡ ಬಂದು ಕಾಪಾಡುವವರು. ಕಾಡುವವನಿಗೆ ಬೇಕಾದದ್ದು ಸಭೆ; ಸಭೆ ನಗದಿದ್ದರೆ ಆಟ ಕಳೆಗುಂದುತ್ತದೆ. ಈ ತಿಳಿವಿನ ಮೇಲೆ ಟುರ್ಕು ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಕಾರ್ಯಕ್ರಮ ೨೦೦೯ರಿಂದ ಆ ದೇಶದ ಶಾಲೆಗಳಿಗೆ ವ್ಯಾಪಕವಾಗಿ ಹಬ್ಬಿತು.

ಈಗ ಮೊಬೈಲ್ ಫೋನಿನ ಕಾಲ. ಹಿಂದೆ ಶಾಲೆಯ ಗಂಟೆ ಹೊಡೆದರೆ ಕಾಟವೂ ಅಂದಿಗೆ ಮುಗಿಯುತ್ತಿತ್ತು. ಮನೆಯ ಪಡಸಾಲೆ, ದೀಪದ ಕೆಳಗಿನ ಪುಸ್ತಕ ಅಂಜಿದ ಮಗುವಿಗೆ ಆಸರೆಯಾಗಿದ್ದವು. ತರಗತಿಯಲ್ಲಿ ಕಳೆದುಕೊಂಡ ಪಾಠವನ್ನು ಎಷ್ಟೋ ಮಕ್ಕಳು ಅಲ್ಲಿ ಗಳಿಸಿಕೊಂಡರು. ಈಗ ಅಣಕದ ಚಿತ್ರ, ಅಡ್ಡಹೆಸರು, ಗುಂಪಿನಿಂದ ಹೊರಹಾಕಿದ ಸುದ್ದಿ ರಾತ್ರಿಯ ಹನ್ನೊಂದಕ್ಕೂ ಬರುತ್ತವೆ. ನಕ್ಕವರ ಸಂಖ್ಯೆ ಹಿಂದಿನ ಬೆಂಚಿನಷ್ಟೇ ಅಲ್ಲ. ಆಡಿದ ಮಾತು ಗಾಳಿಗೆ ಹೋಗದೆ ಅಳಿಸಲಾಗದಂತೆ ಉಳಿಯುತ್ತದೆ. ೨೦೨೦ರಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠವೇ ಫೋನಿನೊಳಗೆ ಬಂತು. ಪುಸ್ತಕವೂ ಕಾಟವೂ ಒಂದೇ ಯಂತ್ರದಲ್ಲಿ ನೆಲೆಸಿದರೆ, ಪಾಠಕ್ಕಾಗಿ ಅದನ್ನು ತೆರೆಯುವ ಕೈಯೇ ನಡುಗುತ್ತದೆ. ಹಾಗೆಂದು ಎಲ್ಲ ತಪ್ಪನ್ನೂ ಯಂತ್ರದ ಮೇಲೆ ಹೊರಿಸುವುದು ಸುಲಭದ ದಾರಿ. ಫೋನಿನಲ್ಲಿ ಕಾಟ ತಿನ್ನುವ ಮಕ್ಕಳಲ್ಲಿ ಬಹುಪಾಲು ಶಾಲೆಯಲ್ಲಿಯೂ ಕಾಟ ತಿನ್ನುವವರೇ ಎಂದು ಓಲ್‌ವೆಯಸ್ ೨೦೧೨ರಲ್ಲಿ ತೋರಿಸಿದರು. ಬೇರು ಅಂಗಳದಲ್ಲಿದೆ, ಬಳ್ಳಿ ಫೋನಿನವರೆಗೆ ಹಬ್ಬಿದೆ.

ನಮ್ಮ ಕಾನೂನು ಎಲ್ಲಿಯವರೆಗೆ ಬಂದಿದೆ? ಕರ್ನಾಟಕ ಶಿಕ್ಷಣ ಅಧಿನಿಯಮ, ೧೯೮೩ ರ‍್ಯಾಗಿಂಗನ್ನು ನಿಷೇಧಿಸಿ ದಂಡನೆ ವಿಧಿಸಿತು. ಸರ್ವೋಚ್ಚ ನ್ಯಾಯಾಲಯ ೨೦೦೧ರಲ್ಲಿ ನಿರ್ದೇಶನಗಳನ್ನು ಕೊಟ್ಟಿತು. ರಾಘವನ್ ಸಮಿತಿ ೨೦೦೭ರಲ್ಲಿ ವರದಿ ಒಪ್ಪಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗ ೨೦೦೯ರಲ್ಲಿ ನಿಯಮ ಮಾಡಿತು. ಇವುಗಳ ನೋಟ ಹೆಚ್ಚಾಗಿ ಕಾಲೇಜು ಮತ್ತು ವಿದ್ಯಾರ್ಥಿನಿಲಯಗಳ ಕಡೆಗೆ. ೨೦೧೦ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾನೂನು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿ ಕೋದಂಡದ ಯುಗಕ್ಕೆ ಅಧಿಕೃತವಾಗಿ ಮಂಗಳ ಹಾಡಿತು. ಆದರೆ ಅದು ಮುಖ್ಯವಾಗಿ ಹಿರಿಯರ ಕೈಯನ್ನು ತಡೆಯುವ ಕಾನೂನು. ನಾಲ್ಕನೆಯ ತರಗತಿಯ ಮಗು ನಾಲ್ಕನೆಯ ತರಗತಿಯ ಮಗುವನ್ನು ದಿನವೂ ಗೋಳುಹೊಯ್ದುಕೊಳ್ಳುವಲ್ಲಿ ಪೊಲೀಸರನ್ನು ಕರೆಯುವುದು ಅಸಂಬದ್ಧ. ಕಾಡುವುದೂ ಮಗುವೇ ಎಂಬುದನ್ನು ಮರೆಯಬಾರದು. ಬರ್ಗೆನ್ನಿನಲ್ಲಿ ಕೆಲಸ ಮಾಡಿದ್ದು ದಂಡನೆಯಲ್ಲ, ಬಿಡುವಿನ ಹೊತ್ತಿನಲ್ಲಿ ಅಂಗಳದಲ್ಲಿ ನಿಂತ ಅಧ್ಯಾಪಕರು ಮತ್ತು ವಾರಕ್ಕೊಮ್ಮೆ ನಡೆದ ಮಾತು. ಇದಕ್ಕೆ ಹೊಸ ಕಟ್ಟಡವೂ ಬೇಡ, ದೊಡ್ಡ ಅನುದಾನವೂ ಬೇಡ.

ಶಾಲೆಯ ಗುಣವನ್ನು ನಾವು ಸಾಮಾನ್ಯವಾಗಿ ಎಸ್‌.ಎಸ್‌.ಎಲ್‌.ಸಿ. ಫಲಿತಾಂಶದಿಂದ ಅಳೆಯುತ್ತೇವೆ. ಚರಿತ್ರೆಯನ್ನು ಓದಿದ ಮೇಲೆ ನನಗೆ ಬೇರೊಂದು ಅಳತೆ ಸೂಚಿತವಾಗಿದೆ. ಯಾವ ತರಗತಿಯಲ್ಲಿ ತಪ್ಪು ಉತ್ತರ ಹೇಳಿದ ಮಗು ಮರುದಿನವೂ ಕೈ ಎತ್ತುತ್ತದೆಯೋ ಅದು ಒಳ್ಳೆಯ ತರಗತಿ. ಮಗು ಒಂದು ಸಂಜೆ ನಾಳೆ ಶಾಲೆಗೆ ಹೋಗುವುದಿಲ್ಲ ಎಂದರೆ ಹೊಟ್ಟೆನೋವೇ ಎಂದು ಕೇಳುತ್ತೇವೆ. ಯಾರಾದರೂ ಏನಾದರೂ ಅನ್ನುತ್ತ ಇದ್ದಾರೆಯೇ ಎಂದು ಇನ್ನೊಂದು ಪ್ರಶ್ನೆ ಕೇಳಿ, ಅದು ತಮಾಷೆಗೆ ಬಿಡು ಎನ್ನದೆ ಉತ್ತರಕ್ಕೆ ಕಾದು ಕೂರುವುದು ನಮ್ಮೆಲ್ಲರಿಂದಲೂ ಆಗುವ ಕೆಲಸ. ತಮಾಷೆ ಹೌದೋ ಅಲ್ಲವೋ ಎಂದು ತೀರ್ಪು ಕೊಡುವ ಹಕ್ಕು ಬೆಕ್ಕಿನದಲ್ಲ, ನೋಡಿ ನಕ್ಕವರದೂ ಅಲ್ಲ.

(ಆಕಾಶವಾಣಿ ಭಾಷಣ)